ಸುಳ್ಳು ಹೆಸರಿನ ಗೋರಿಯಿಂದ ವೀರರ ಚೌಕಕ್ಕೆ: ಇಮ್ರೆ ನಾಜ್ ಅವರ ಮಾನ ಮರಳಿದ ಬಗೆ

ಬುಡಾಪೆಸ್ಟಿನ ಅಂಚಿನಲ್ಲಿರುವ ರಾಕೊಶ್‌ಕೆರೆಸ್ತೂರ್ ಸ್ಮಶಾನದ ನೋಂದಣಿ ಪುಸ್ತಕಕ್ಕೆ 1961ರಲ್ಲಿ ಒಂದು ಹೆಸರು ಸೇರಿತು: ಬೊರ್ಬೀರೊ ಪಿರೋಷ್ಕ. ಹೆಣ್ಣಿನ ಹೆಸರು. ಅಲ್ಲಿ ಹೂತದ್ದು ಹೆಣ್ಣನ್ನಲ್ಲ. ಆ ಹೆಸರಿನಡಿ 301ನೇ ವಿಭಾಗದ ಮಣ್ಣಿಗೆ ಹೋದದ್ದು ಹಂಗೇರಿಯ ಪ್ರಧಾನಿಯಾಗಿದ್ದ ಇಮ್ರೆ ನಾಜ್ ಅವರ ದೇಹ. 1958ರ ಜೂನ್ 16ರ ಬೆಳಗಿನ ಜಾವ ಗಲ್ಲಿಗೇರಿಸಿ ಮೊದಲು ಜೈಲಿನ ಅಂಗಳದಲ್ಲೇ ಹೂತಿದ್ದರು. 1961ರ ಫೆಬ್ರವರಿಯಲ್ಲಿ ಕಿತ್ತು ಪಕ್ಕದ ಸ್ಮಶಾನಕ್ಕೆ ತಂದರು. ಡಾಂಬರು ಕಾಗದದಲ್ಲಿ ಸುತ್ತಿ ತಂತಿ ಬಿಗಿದಿದ್ದ ದೇಹವನ್ನು ಬೋರಲಾಗಿ ಇಟ್ಟು ಮಣ್ಣೆಳೆದರು. ಗುರುತಿನ ಕಲ್ಲಿಲ್ಲ, ಮನೆಯವರಿಗೆ ಸುದ್ದಿಯಿಲ್ಲ.

ಇವರ ಹೆಸರನ್ನು ಅಕ್ಷರ ನೋಡಿ 'ನಾಗಿ' ಎಂದು ಓದುವವರುಂಟು. ಹಂಗೇರಿಯನ್ನರ ಬಾಯಲ್ಲಿ ಅದು ಹಾಗಿಲ್ಲ, ನಮ್ಮ ಕಿವಿಗೆ 'ನಾಜ್'ಗೆ ಹತ್ತಿರ ಕೇಳುತ್ತದೆ. ಹಾಗೇ ಬರೆಯುತ್ತೇನೆ.

ಸತ್ತ ನಾಯಕನಿಗೆ ಮಾನ ಮರಳಿಸುವುದೆಂದರೆ ಒಂದು ಪ್ರತಿಮೆ, ಒಂದು ಭಾಷಣ, ಒಂದು ಅಂಚೆಚೀಟಿ ಎಂದುಕೊಂಡಿರುತ್ತೇವೆ. ನಾಜ್ ಅವರ ಸಂಗತಿಯನ್ನು ಬಿಡಿಸಿ ನೋಡಿದರೆ ಅದು ಐದಾರು ಬೇರೆ ಬೇರೆ ಕೆಲಸಗಳು ಎಂದು ತಿಳಿಯುತ್ತದೆ. ಒಂದು ಪದವನ್ನು ಬದಲಿಸಬೇಕು. ದೇಹವನ್ನು ಹುಡುಕಿ ಗುರುತಿಸಬೇಕು. ಎಲ್ಲರ ಕಣ್ಣೆದುರು ಮಣ್ಣು ಮಾಡಬೇಕು. ತೀರ್ಪನ್ನು ನ್ಯಾಯಾಲಯವೇ ರದ್ದು ಮಾಡಬೇಕು. ಕಾನೂನು ಬರೆಯಬೇಕು. ಇವಿಷ್ಟೂ ಆದಮೇಲೆ, ಆ ಮನುಷ್ಯನ ಬದುಕಿನಲ್ಲಿ ನಮಗೆ ಹಿಡಿಸದ ಭಾಗವನ್ನೂ ಹೇಳಬೇಕು. ಹಂಗೇರಿಯಲ್ಲಿ ಮೊದಲ ಐದೂ ನಡೆದವು. ಆರನೆಯದನ್ನು ಮುಂದಕ್ಕೆ ಹಾಕಿದ್ದರಿಂದ ಆದ ಕೆಡುಕು ಇವತ್ತಿಗೂ ಕಾಣುತ್ತದೆ.

ಅವರು ಯಾರು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಹುಟ್ಟಿದ್ದು 1896ರಲ್ಲಿ, ಕಪೋಶ್‌ವಾರ್ ಎಂಬ ಊರಿನಲ್ಲಿ. ಮೊದಲ ಮಹಾಯುದ್ಧದಲ್ಲಿ ರಷ್ಯನ್ನರ ಸೆರೆಯಾಳಾಗಿ ಅಲ್ಲೇ ಕಮ್ಯುನಿಸ್ಟರಾದರು. 1930ರಿಂದ 1944ರವರೆಗೆ ಮಾಸ್ಕೋದಲ್ಲಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಕೃಷಿ ಮಂತ್ರಿಯಾಗಿ ದೊಡ್ಡ ಜಮೀನ್ದಾರಿಗಳನ್ನು ಒಡೆದು ಭೂಮಿಯಿಲ್ಲದವರಿಗೆ ಹಂಚಿದರು. 'ಭೂಮಿ ಹಂಚಿದ ಮಂತ್ರಿ' ಎಂಬ ಹೆಸರು ಹಳ್ಳಿಗಳಲ್ಲಿ ಉಳಿಯಿತು. 1953ರಲ್ಲಿ ಪ್ರಧಾನಿಯಾಗಿ ಬಂಧನ ಶಿಬಿರಗಳನ್ನು ಮುಚ್ಚಿಸಿ, ರೈತರ ಮೇಲಿನ ಹೊರೆ ಇಳಿಸಿದರು. 1955ರಲ್ಲಿ ಅಧಿಕಾರ ಹೋಯಿತು, ಪಕ್ಷದಿಂದಲೂ ಹೊರಹಾಕಿದರು. 1956ರ ಅಕ್ಟೋಬರ್ 23ರಂದು ಸಂಸತ್ತಿನ ಮುಂದೆ ನೆರೆದ ಜನ ಕರೆದದ್ದು ಇವರನ್ನೇ. ಅಂದು ಅವರು ಕಮ್ಯುನಿಸ್ಟರ ರೂಢಿಯಂತೆ 'ಸಂಗಾತಿಗಳೇ' ಎಂದು ಮಾತು ತೆರೆದಾಗ ಜನ ಒಪ್ಪದೆ ಕೂಗಿದರು. ಆಮೇಲಿನ ಹತ್ತೇ ದಿನಗಳಲ್ಲಿ ಜನ ಹೋದತ್ತ ಅವರೂ ಹೋದರು: ಏಕಪಕ್ಷ ಪದ್ಧತಿ ಮುಗಿಯಿತೆಂದರು, ನವೆಂಬರ್ 1ರಂದು ದೇಶ ತಟಸ್ಥವೆಂದೂ ಸೋವಿಯತ್ ಮುಂದಾಳತ್ವದ ಸೇನಾಕೂಟವಾದ ವಾರ್ಸಾ ಒಪ್ಪಂದದಿಂದ ಹೊರಬಂದಿದೆಯೆಂದೂ ಸಾರಿದರು. 4ರ ನಸುಕಿನಲ್ಲಿ ಸೋವಿಯತ್ ಟ್ಯಾಂಕುಗಳು ನುಗ್ಗಿದವು. ಯುಗೊಸ್ಲಾವಿಯಾ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದ ನಾಜ್, ಹೊಸ ಆಳ್ವಿಕೆಯ ಯಾನೋಶ್ ಕಾದಾರ್ ಬರೆದುಕೊಟ್ಟ ಅಭಯ ನಂಬಿ ನವೆಂಬರ್ 22ರಂದು ಹೊರಬಂದರು. ಬಸ್ಸು ಹತ್ತಿದವರನ್ನು ಸೋವಿಯತ್ ಸೈನಿಕರು ಹಿಡಿದು ರುಮೇನಿಯಾದ ಸ್ನಾಗೊವ್‌ಗೆ ಒಯ್ದರು. ವಿಚಾರಣೆ ಗುಟ್ಟಾಗಿ ನಡೆಯಿತು. ತೀರ್ಪು ಬಂದ ಮರುದಿನವೇ ಗಲ್ಲು. ಕ್ಷಮೆ ಕೇಳಲು ಅವರು ಒಪ್ಪಲಿಲ್ಲ.

ಕಾದಾರ್ ಆಳ್ವಿಕೆ ನಿಂತದ್ದು ಒಂದು ಪದದ ಮೇಲೆ: 'ಪ್ರತಿಕ್ರಾಂತಿ', ಎಂದರೆ ಕಮ್ಯುನಿಸ್ಟ್ ಕ್ರಾಂತಿಯನ್ನು ಉರುಳಿಸುವ ಸಂಚು. 1956ರಲ್ಲಿ ನಡೆದದ್ದು ಪ್ರತಿಕ್ರಾಂತಿಯಾದರೆ ಟ್ಯಾಂಕು ಕರೆಸಿದ್ದು ಸರಿ, ಇನ್ನೂರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದ್ದು ಸರಿ, ಕಾದಾರ್ ಕುರ್ಚಿಯೂ ಸರಿ. ಪಠ್ಯಪುಸ್ತಕ, ಪತ್ರಿಕೆ, ಕಚೇರಿಯ ಕಡತ ಎಲ್ಲದರಲ್ಲೂ ಅದೇ ಪದ. ಹಾಗಾಗಿ ನಾಜ್ ಅವರೊಬ್ಬರನ್ನು ಬಿಡಿಯಾಗಿ ಎತ್ತಿ 'ಇವರು ಒಳ್ಳೆಯವರು' ಎನ್ನಲು ಬರುತ್ತಿರಲಿಲ್ಲ; ಎಳೆದರೆ ಇಡೀ ನೇಯ್ಗೆ ಬಿಚ್ಚಿಕೊಳ್ಳುತ್ತಿತ್ತು. 1988ರ ಮೇ ತಿಂಗಳಲ್ಲಿ ಕಾದಾರ್ ಅವರನ್ನು ಪಕ್ಷದ ಮುಖ್ಯಸ್ಥರ ಸ್ಥಾನದಿಂದ ಇಳಿಸಿ ಕಾರೊಯ್ ಗ್ರೋಸ್ ಬಂದಮೇಲೂ ಪಕ್ಷ ಒಂದು ಗೆರೆ ಎಳೆಯಲು ನೋಡಿತು: ಮನೆಯವರು ತಮ್ಮವರ ದೇಹ ಪಡೆದು ಗೌರವದಿಂದ ಮಣ್ಣು ಮಾಡಿಕೊಳ್ಳಲಿ, ಆದರೆ ರಾಜಕೀಯವಾಗಿ ನಾಜ್ ಅವರನ್ನು ದೋಷಮುಕ್ತ ಮಾಡುವುದಿಲ್ಲ. ಕರುಣೆ ಕೊಡುತ್ತೇವೆ, ನ್ಯಾಯ ಕೊಡುವುದಿಲ್ಲ ಎಂದಂತೆ. ಇದು ಎಲ್ಲ ದೇಶಗಳಲ್ಲೂ ಮೊದಲು ಸಿಗುವ ರಿಯಾಯಿತಿ. ಇದನ್ನು ಒಪ್ಪಿ ಸುಮ್ಮನಾದರೆ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ.

ಸುಮ್ಮನಾಗದವರು ಮೊದಲೇ ಕೂಡಿದ್ದರು. 1988ರ ಜೂನ್‌ನಲ್ಲಿ ಜೈಲು ಕಂಡವರು, ಗಲ್ಲಿಗೇರಿದವರ ಹೆಂಡಿರು ಮಕ್ಕಳು ಸೇರಿ ಐತಿಹಾಸಿಕ ನ್ಯಾಯ ಸಮಿತಿ ಕಟ್ಟಿದರು. ನಾಜ್ ಜೊತೆ ಅದೇ ಮೊಕದ್ದಮೆಯಲ್ಲಿ ಶಿಕ್ಷೆಯಾಗಿ ಬದುಕುಳಿದಿದ್ದ ಮಿಕ್ಲೋಶ್ ವಾಶಾರ್‌ಹೆಯಿ ಅದರ ಮುಂದಾಳು. ಅದೇ ತಿಂಗಳ 16ರಂದು, ಗಲ್ಲಾಗಿ 30 ವರ್ಷವಾದ ದಿನ, ಪ್ಯಾರಿಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ ದೇಹವಿಲ್ಲದ ಸಾಂಕೇತಿಕ ಗೋರಿಯೊಂದು ಎದ್ದಿತು. ಬುಡಾಪೆಸ್ಟಿನಲ್ಲಿ ಅಂದು ಬೀದಿಗಿಳಿದವರ ಮೇಲೆ ಪೊಲೀಸರು ಲಾಠಿ ಬೀಸಿದರು. ದೇಶದ ಹೊರಗೆ ಗೋರಿ, ಒಳಗೆ ಲಾಠಿ: ಇದು ಆಳುವವರಿಗೇ ನಾಚಿಕೆ ತರುವ ಸ್ಥಿತಿ. ಒತ್ತಡ ಕೂಡಿದ್ದು ಹೀಗೆ.

ಪದ ಮುರಿದದ್ದು 1989ರ ಜನವರಿ 28ರಂದು. ಇತ್ತೀಚಿನ ಇತಿಹಾಸವನ್ನು ಮರುಪರಿಶೀಲಿಸಲು ಪಕ್ಷವೇ ಇತಿಹಾಸಕಾರರ ಗುಂಪೊಂದನ್ನು ನೇಮಿಸಿತ್ತು. ಗ್ರೋಸ್ ಸ್ವಿಟ್ಜರ್ಲೆಂಡಿಗೆ ಹೋಗಿದ್ದ ಹೊತ್ತು ನೋಡಿ ಮಂತ್ರಿ ಇಮ್ರೆ ಪೊಜ್‌ಗಾಯಿ ರೇಡಿಯೋದಲ್ಲಿ ಆ ಗುಂಪಿನ ನಿರ್ಣಯವನ್ನು ಹೊರಹಾಕಿಬಿಟ್ಟರು: 1956ರದ್ದು ಪ್ರತಿಕ್ರಾಂತಿಯಲ್ಲ, ಜನತೆಯ ದಂಗೆ. ಫೆಬ್ರವರಿಯಲ್ಲಿ ಕೇಂದ್ರ ಸಮಿತಿ ಸೇರಿ ಗದರಿಸಲಿಲ್ಲ, ಪೂರ್ತಿ ಒಪ್ಪಲೂ ಇಲ್ಲ. ದಂಗೆ ಎಂಬುದನ್ನು ಒಪ್ಪಿ, ಪ್ರತಿಕ್ರಾಂತಿಯ ಅಂಶಗಳೂ ಇದ್ದವೆಂದು ಪೋಣಿಸಿತು. ಪದವನ್ನು ಒಮ್ಮೆ ಗಟ್ಟಿಯಾಗಿ ಹೇಳಿಯಾಗಿತ್ತು. ಹಿಂದಕ್ಕೆ ನುಂಗಲು ಬರುವಂಥದ್ದಲ್ಲ.

ಇನ್ನು ದೇಹ. ಮಾರ್ಚ್ ಕೊನೆಯಲ್ಲಿ 301ನೇ ವಿಭಾಗವನ್ನು ಅಗೆಯಲು ಶುರುಮಾಡಿದರು. ಸ್ಮಶಾನದ ತುತ್ತತುದಿಯ ಆ ಜಾಗದಲ್ಲಿ ಪೊದೆ, ಕಳೆ ಬೆಳೆದಿತ್ತು. ಹುಡುಕಬೇಕಾದವರು ಐವರು: ನಾಜ್; ಅವರೊಂದಿಗೇ ಗಲ್ಲಿಗೇರಿದ ರಕ್ಷಣಾ ಮಂತ್ರಿ ಪಾಲ್ ಮಾಲೇತರ್ ಮತ್ತು ಪತ್ರಕರ್ತ ಮಿಕ್ಲೋಶ್ ಗಿಮೆಶ್; ಎರಡು ತಿಂಗಳು ಮೊದಲೇ ಗಲ್ಲಾದ ಯೋಜೆಫ್ ಸಿಲಾಜಿ; ವಿಚಾರಣೆಗೂ ಮುಂಚೆ ಜೈಲಿನಲ್ಲಿ ಸತ್ತ ಗೇಜಾ ಲೊಶೊಂಟ್ಸಿ. ನೋಂದಣಿ ಪುಸ್ತಕವೇ ಸುಳ್ಳು ಹೇಳುವಾಗ ಮೂಳೆಯನ್ನೇ ಕೇಳಬೇಕು. ಹಳೆಯ ಮೂಳೆಯಿಂದ ಡಿಎನ್‌ಎ ತೆಗೆದು ಹೊಂದಿಸಿ ನೋಡುವ ಪದ್ಧತಿ ಆಗ ಕೈಗೆ ಬಂದಿರಲಿಲ್ಲ. ಸೊಂಟದ ಮೂಳೆಯಿಂದ ಗಂಡೋ ಹೆಣ್ಣೋ ಎಂಬುದು, ತೊಡೆಯ ಮೂಳೆಯ ಉದ್ದದಿಂದ ಎತ್ತರ, ಕೀಲು ಮತ್ತು ತಲೆಬುರುಡೆಯ ಹೊಲಿಗೆಗಳಿಂದ ವಯಸ್ಸು, ಹಲ್ಲಿನ ದುರಸ್ತಿ, ಹಳೆಯ ಗಾಯ: ಇವೇ ಇಂಥ ಕೆಲಸಕ್ಕೆ ಆಧಾರ. ಸಾಯುವಾಗ ನಾಜ್ ಅವರಿಗೆ 62. ಉಳಿದ ನಾಲ್ವರೂ 1917ರಲ್ಲೇ ಹುಟ್ಟಿದವರು, ನಲವತ್ತರ ಆಸುಪಾಸಿನವರು. ವಯಸ್ಸು ನಾಜ್ ಅವರನ್ನು ಬೇರೆ ಮಾಡಿ ತೋರಿಸಬಲ್ಲದು; ಆ ನಾಲ್ವರನ್ನು ಒಬ್ಬರಿಂದೊಬ್ಬರನ್ನು ಬಿಡಿಸಲು ಅದು ಸಾಲದು. ಮಾಲೇತರ್ ತುಂಬ ಎತ್ತರದ ಆಳು ಎಂಬಂಥ ಗುರುತುಗಳು ಬೆಲೆಯುಳ್ಳವಾಗುವುದು ಇಲ್ಲೇ. ಏಪ್ರಿಲ್ ಮೊದಲ ಭಾಗದ ಹೊತ್ತಿಗೆ ನಾಜ್ ಸಿಕ್ಕಿದ್ದರು. ಡಾಂಬರು ಕಾಗದ, ತಂತಿ, ಬೋರಲು ಮಲಗಿಸಿದ ರೀತಿ ಎಲ್ಲವೂ ಹೊರಬಂತು.

ಈ ಹಂತವನ್ನು ಹಾರಿಸಿಬಿಡಬಹುದಿತ್ತು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕಡತದಲ್ಲಿ 'ಮರಣದಂಡನೆ ಜಾರಿಯಾಗಿದೆ' ಎಂದಷ್ಟೇ ಇರುತ್ತದೆ. ಸತ್ತವನನ್ನು ಬೋರಲು ಹಾಕಿದ್ದಾರೆ ಎಂಬುದು ಯಾವ ಕಡತದಲ್ಲೂ ಬರುವುದಿಲ್ಲ. ಅದನ್ನು ನೋಡಿದ ಮೇಲೆ, ಕಾನೂನಿನ ಪ್ರಕಾರ ಶಿಕ್ಷೆ ಕೊಟ್ಟೆವು ಎನ್ನುವವರ ಮಾತಿಗೆ ಉಳಿಯುವುದೇನು? ಶಿಕ್ಷೆಗೆ ಬೇಕಾದದ್ದು ಗಲ್ಲು. ಬೋರಲು ಮಲಗಿಸಿದ್ದು, ಹೆಣ್ಣಿನ ಹೆಸರು ಬರೆದದ್ದು ಶಿಕ್ಷೆಯಾಚೆಗಿನ ದ್ವೇಷ.

ಏಪ್ರಿಲ್ 12ರಂದು, ಕಾಯಿಲೆ ಬಿದ್ದಿದ್ದ ಕಾದಾರ್ ಕೇಂದ್ರ ಸಮಿತಿಯ ಮುಂದೆ ಎದ್ದು ಮಾತಾಡಿದರು. ಎಳೆ ತಪ್ಪಿದ, ತಡವರಿಸುವ ಮಾತು. ನಾಜ್ ಅವರ ಹೆಸರು ಹೇಳದೆ ಮತ್ತೆ ಮತ್ತೆ ಆ ಮನುಷ್ಯನ ಸುತ್ತಲೇ ಸುತ್ತಿದರು. ಅದು ಅವರ ಕೊನೆಯ ಭಾಷಣ.

ಅಂತ್ಯಕ್ರಿಯೆಯ ಬಗ್ಗೆ ಹೇಳುವ ಮುನ್ನ 33 ವರ್ಷ ಹಿಂದಕ್ಕೆ ಹೋಗಬೇಕು, ಏಕೆಂದರೆ ಹಂಗೇರಿಯ ಪಕ್ಷಕ್ಕೆ ಇಂಥ ಮರುಸಮಾಧಿ ಏನು ಮಾಡಬಲ್ಲದೆಂದು ಗೊತ್ತಿತ್ತು. 1949ರಲ್ಲಿ ಕಟ್ಟುಕಥೆಯ ಮೊಕದ್ದಮೆ ನಡೆಸಿ ಗಲ್ಲಿಗೇರಿಸಿದ್ದ ಕಮ್ಯುನಿಸ್ಟ್ ಮಂತ್ರಿ ಲಾಸ್ಲೊ ರಾಯ್ಕ್ ನಿರಪರಾಧಿ ಎಂದು 1956ರ ಮಾರ್ಚ್‌ನಲ್ಲಿ ಒಪ್ಪಿಕೊಂಡವರು, ಅವರನ್ನು ಕೊಲ್ಲಿಸಿದ್ದ ಆಗಿನ ಪಕ್ಷದ ಮುಖ್ಯಸ್ಥ ಮಾತ್ಯಾಶ್ ರಾಕೊಶಿಯೇ. ತಪ್ಪನ್ನು ಗುಪ್ತ ಪೊಲೀಸರ ತಲೆಗೆ ಕಟ್ಟಿದರು. ವಿಧವೆ ಯೂಲಿಯಾ ರಾಯ್ಕ್ ಗುಟ್ಟಿನ ಸಂಸ್ಕಾರಕ್ಕೆ ಒಪ್ಪದೆ ಹಟ ಹಿಡಿದರು. ಅಕ್ಟೋಬರ್ 6ರಂದು ಕೆರೆಪೆಶಿ ಸ್ಮಶಾನದಲ್ಲಿ ಸಾರ್ವಜನಿಕವಾಗಿಯೇ ಸಮಾಧಿಯಾಯಿತು. ಮೌನವಾಗಿ ಸಾಲುಗಟ್ಟಿ ಬಂದವರು ಲಕ್ಷದಷ್ಟು. ನಾಜ್ ಕೂಡ ಅಲ್ಲಿದ್ದರು, ಯೂಲಿಯಾ ಅವರನ್ನು ತಬ್ಬಿ ಸಂತೈಸಿದರು. ಅದಾಗಿ 17 ದಿನಕ್ಕೆ ದಂಗೆ ಎದ್ದಿತು. ಜನ ಒಬ್ಬರನ್ನೊಬ್ಬರು ಕಂಡು 'ಇಷ್ಟು ಮಂದಿ ಇದ್ದೇವೆ' ಎಂದು ಎಣಿಸಿಕೊಳ್ಳುವುದು ಇಂಥ ಮೆರವಣಿಗೆಯಲ್ಲೇ.

1989ರ ಜೂನ್ 16ಕ್ಕೆ ವೀರರ ಚೌಕವನ್ನು ಅಣಿಗೊಳಿಸಿದ ವಾಸ್ತುಶಿಲ್ಪಿಗಳಲ್ಲಿ ಒಬ್ಬರು ಆ ರಾಯ್ಕ್ ಅವರ ಮಗ, ಕಿರಿಯ ಲಾಸ್ಲೊ ರಾಯ್ಕ್. ಜೊತೆಗೆ ಗಾಬೊರ್ ಬಾಖ್‌ಮನ್. ತಂದೆ ಸತ್ತಾಗ ಈ ರಾಯ್ಕ್ ಹಸುಗೂಸು. 1956ರಲ್ಲಿ ನಾಜ್ ಜೊತೆ ರಾಯಭಾರ ಕಚೇರಿಯಿಂದ ಹೊರಟವರಲ್ಲಿ ತಾಯಿಯೊಂದಿಗೆ ಇದ್ದು ಸ್ನಾಗೊವ್ ಸೇರಿದ್ದ ಹುಡುಗ. ಚೌಕದ ಬದಿಯ ಕಲಾಭವನದ ಕಂಬಗಳಿಗೆ ಕಪ್ಪು ಬಿಳಿ ಬಟ್ಟೆ ಸುತ್ತಿದರು. ಮೆಟ್ಟಿಲುಗಳ ಮೇಲೆ ಆರು ಶವಪೆಟ್ಟಿಗೆ. ಐದರಲ್ಲಿ ಐವರು. ಆರನೆಯದು ಖಾಲಿ: ಹೆಸರಿಲ್ಲದೆ ಸತ್ತ ಬಂಡಾಯಗಾರರಿಗೆಲ್ಲ ಸೇರಿ ಒಂದು. ಇಡೀ ಏರ್ಪಾಟಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಖಾಲಿ ಪೆಟ್ಟಿಗೆ. ಅದು ಇಲ್ಲದಿದ್ದರೆ ಅಂದಿನ ದಿನ ಒಬ್ಬ ಪ್ರಧಾನಿಯ ಸಂಸ್ಕಾರವಾಗಿ ಮುಗಿಯುತ್ತಿತ್ತು, ಬಂದೂಕು ಹಿಡಿದ ಕಾರ್ಖಾನೆಯ ಹುಡುಗರು ಹೊರಗುಳಿಯುತ್ತಿದ್ದರು. ಗಲ್ಲಿಗೇರಿದವರ ಹೆಸರುಗಳನ್ನು ಒಂದೊಂದಾಗಿ ಓದಿದರು. ಮಧ್ಯಾಹ್ನ ಗಂಟೆಗಳು ಮೊಳಗಿ ದೇಶದಲ್ಲಿ ಸಂಚಾರ ನಿಂತಿತು. ದೂರದರ್ಶನ ದಿನವಿಡೀ ನೇರ ಪ್ರಸಾರ ಮಾಡಿತು. ಪ್ರಧಾನಿ ಮಿಕ್ಲೋಶ್ ನೇಮೆತ್, ಪೊಜ್‌ಗಾಯಿ ಮೊದಲಾದವರು ಪೆಟ್ಟಿಗೆಗಳ ಪಕ್ಕ ಕಾವಲು ನಿಂತರು. 26 ವರ್ಷದ ವಿಕ್ಟರ್ ಒರ್ಬಾನ್ ಮಾತಾಡಿ, ನಿನ್ನೆಯವರೆಗೆ ನಿಂದಿಸುತ್ತಿದ್ದವರು ಇಂದು ಪೆಟ್ಟಿಗೆ ಮುಟ್ಟಲು ನೂಕಾಡುತ್ತಿದ್ದಾರೆ ಎಂದರು, ಸೋವಿಯತ್ ಸೈನ್ಯ ಹೊರಡಬೇಕೆಂದರು.

ಸಮಾಧಿ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿತ್ತು: ದೊಡ್ಡವರು ಮಲಗಿರುವ ಕೆರೆಪೆಶಿಗಲ್ಲ, ಅದೇ 301ಕ್ಕೆ, ಜೊತೆಗೆ ಸತ್ತವರ ನಡುವೆ. ದೇಹವನ್ನು ಹಿರಿಯರ ಸಾಲಿಗೆ ಒಯ್ದಿದ್ದರೆ ಆ ಮೂಲೆ ಮತ್ತೆ ಪೊದೆಯಾಗುತ್ತಿತ್ತು.

ಇಷ್ಟಾದರೂ ಕಾಗದದ ಮೇಲೆ ನಾಜ್ ಇನ್ನೂ ದೇಶದ್ರೋಹಿಯೇ. ತೀರ್ಪು ಜೀವಂತವಾಗಿತ್ತು. ಸರ್ಕಾರದ ಪ್ರಧಾನ ಅಭಿಯೋಜಕರು ಆ ತೀರ್ಪು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯದಲ್ಲಿ ಆಕ್ಷೇಪ ಹೂಡಿದರು. ಕ್ಷಮಾದಾನ ಕೊಟ್ಟು ಕೈತೊಳೆಯುವುದು ಸುಲಭವಿತ್ತು. ಆದರೆ ಕ್ಷಮೆ ಎಂದರೆ ತಪ್ಪು ನಡೆದಿತ್ತು ಎಂದು ಒಪ್ಪಿದಂತೆ. ಮಾಫಿಗೂ ಖುಲಾಸೆಗೂ ಇರುವ ಈ ಅಂತರವನ್ನು ನಮ್ಮಲ್ಲಿಯೂ ಎಷ್ಟೋ ಜನ ಗಮನಿಸುವುದಿಲ್ಲ. 1989ರ ಜುಲೈ 6ರಂದು ನ್ಯಾಯಾಲಯ ತೀರ್ಪನ್ನು ರದ್ದು ಮಾಡಿ, ಅಪರಾಧವೇ ನಡೆದಿಲ್ಲವೆಂಬ ಕಾರಣಕ್ಕೆ ಎಲ್ಲರನ್ನೂ ಬಿಡುಗಡೆ ಮಾಡಿತು. ಕಲಾಪ ನಡೆಯುತ್ತಿದ್ದಾಗಲೇ ಸಭಾಂಗಣದಲ್ಲಿ ಚೀಟಿಯೊಂದು ಕೈಯಿಂದ ಕೈಗೆ ಸಾಗಿತು. ಅಂದು ಬೆಳಗ್ಗೆ ಕಾದಾರ್ ತೀರಿಕೊಂಡಿದ್ದರು.

ಆ ಖುಲಾಸೆ ನಾಜ್ ಮತ್ತು ಜೊತೆಗಾರರಿಗೆ ಮಾತ್ರ. ಸಾವಿರಾರು ಸಾಮಾನ್ಯರ ತೀರ್ಪುಗಳನ್ನು ಒಂದೊಂದಾಗಿ ಮರುವಿಚಾರಣೆ ಮಾಡುತ್ತ ಕೂತರೆ ಬದುಕಿರುವವರೂ ಸಾಯುತ್ತಾರೆ. ಅದಕ್ಕೇ ಅದೇ ವರ್ಷ ಸಂಸತ್ತು 1956ರ ದಂಗೆಗೆ ಸಂಬಂಧಿಸಿದ ಶಿಕ್ಷೆಗಳನ್ನು ಒಟ್ಟಾಗಿ ಶೂನ್ಯವೆಂದು ಸಾರುವ ಕಾನೂನು ಮಾಡಿತು. ಹೊಸದಾಗಿ ಚುನಾಯಿತವಾದ ಸಂಸತ್ತು 1990ರ ಮೇನಲ್ಲಿ ಮಾಡಿದ ಮೊದಲ ಕೆಲಸ, 1956ರ ನೆನಪನ್ನು ಕಾನೂನಿನಲ್ಲಿ ಬರೆದದ್ದು.

ನಮ್ಮ ದೇಶಕ್ಕೂ ಇಲ್ಲೊಂದು ಎಳೆಯಿದೆ. 1956ರ ನವೆಂಬರ್ 9ರಂದು ವಿಶ್ವಸಂಸ್ಥೆಯಲ್ಲಿ ಸೋವಿಯತ್ ಸೈನ್ಯ ಹೊರಡಬೇಕು, ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆಯಾಗಬೇಕು ಎಂಬ ನಿರ್ಣಯದ ವಿರುದ್ಧ ಭಾರತ ಮತ ಹಾಕಿತು. ಕಾಶ್ಮೀರಕ್ಕೂ ಅದೇ ಮಾದರಿ ಬಂದೀತೆಂಬ ಭಯವೂ ಅದರ ಹಿಂದಿತ್ತು. ಬುಡಾಪೆಸ್ಟಿನಲ್ಲಿದ್ದ ಭಾರತೀಯ ರಾಜತಾಂತ್ರಿಕ ಎಂ. ಎ. ರಹಮಾನ್ ಬರೆದು ಕಳಿಸಿದ ವರದಿಗಳಿಂದ ನೆಹರೂ ಅವರ ನಿಲುವು ಬದಲಾಗತೊಡಗಿತು. ಚಿಂತಕ ಇಷ್ಟ್‌ವಾನ್ ಬಿಬೋ ಬರೆದ ರಾಜಿಸೂತ್ರವನ್ನು ಆರ್ಪಾದ್ ಗೊಂಟ್ಸ್ ಒಯ್ದು ತಲುಪಿಸಿದ್ದು ಇದೇ ರಹಮಾನ್ ಅವರಿಗೆ. ಗೊಂಟ್ಸ್ ಅವರಿಗೆ 1958ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 1990ರಲ್ಲಿ ಅವರು ಹಂಗೇರಿಯ ರಾಷ್ಟ್ರಪತಿಯಾದರು.

ಈಗ ಆರನೆಯ ಕೆಲಸ, ಅರ್ಧಕ್ಕೆ ನಿಂತದ್ದು. 1989ರ ಜೂನ್‌ನಲ್ಲೇ ಸೋವಿಯತ್ ಗುಪ್ತಚರ ಮುಖ್ಯಸ್ಥ ಕ್ರ್ಯುಚ್‌ಕೊವ್ ಹಳೆಯ ಕಡತಗಳನ್ನು ತೆಗೆಸಿ ಗೋರ್ಬಚೇವ್ ಅವರಿಗೆ ಕಳಿಸಿದ್ದರು. ಅದರ ಪ್ರಕಾರ 1930ರ ದಶಕದ ಮಾಸ್ಕೋದಲ್ಲಿ ನಾಜ್ 'ವೊಲೊದ್ಯಾ' ಎಂಬ ಗುಪ್ತನಾಮದಲ್ಲಿ ಸೋವಿಯತ್ ಪೊಲೀಸರಿಗೆ ಮಾಹಿತಿ ಕೊಡುತ್ತಿದ್ದವರು. ಕಡತವನ್ನು ತೆಗೆಸಿದ ಉದ್ದೇಶ ಶುದ್ಧವಾಗಿರಲಿಲ್ಲ: ನಾಜ್ ಅವರಿಗೆ ಮರಳುತ್ತಿದ್ದ ಹೆಸರನ್ನು ಕೆಡಿಸಬೇಕಿತ್ತು. ಉದ್ದೇಶ ಕೆಟ್ಟದ್ದೆಂದ ಮಾತ್ರಕ್ಕೆ ಕಾಗದವೆಲ್ಲ ಸುಳ್ಳಾಗುವುದಿಲ್ಲ. ಕಾಗದದಲ್ಲಿ ಇದ್ದ ಮಾತ್ರಕ್ಕೆ ಪೊಲೀಸರು ಬರೆದುಕೊಂಡದ್ದೆಲ್ಲ ನಿಜವೂ ಆಗುವುದಿಲ್ಲ. ಸ್ಟಾಲಿನ್ ಕಾಲದ ಮಾಸ್ಕೋದಲ್ಲಿ ಪರದೇಶಿ ಕಮ್ಯುನಿಸ್ಟರ ಕೊರಳ ಮೇಲೆ ದಿನವೂ ಕತ್ತಿ ತೂಗುತ್ತಿತ್ತು. ಹೇಳಬೇಕಾದದ್ದು ಇದನ್ನೇ, ಪೂರ್ತಿಯಾಗಿ. ಅಷ್ಟೇ ಅಲ್ಲ: ಜರ್ಮನ್ ಭಾಷಿಕರನ್ನು ದೇಶದಿಂದ ಹೊರಹಾಕುವ ಕೆಲಸ 1946ರ ಆರಂಭದಲ್ಲಿ ಶುರುವಾದಾಗ ಗೃಹಮಂತ್ರಿ ಇವರೇ. 1950ರ ನಂತರ ರೈತರ ಕಣಜದಿಂದ ಧಾನ್ಯವನ್ನು ಬಲವಂತದ ಲೇವಿಯಾಗಿ ಎತ್ತಿಸುವ ಖಾತೆ ನೋಡಿಕೊಂಡವರೂ ಇವರೇ. ಭೂಮಿ ಹಂಚಿದ ಕೈಯೇ ಫಸಲು ಕಿತ್ತಿತ್ತು.

1989ರ ಸಂಭ್ರಮದಲ್ಲಿ ಇದನ್ನು ಹೇಳಲು ಯಾರಿಗೂ ಮನಸ್ಸಾಗಲಿಲ್ಲ, ಅರ್ಥವಾಗುವಂಥದ್ದೇ. ಆದರೆ ಬಿಟ್ಟ ಜಾಗದಲ್ಲಿ ಬಿರುಕು ಬಂತು. ಎಡದವರು ತಮ್ಮವರೆಂದು ಅಪ್ಪಿದರು. ಬಲದವರಿಗೆ, ಕೊನೆಯವರೆಗೂ ಕಮ್ಯುನಿಸ್ಟನಾಗಿ ಸತ್ತವರನ್ನು 1956ರ ಮುಖವಾಗಿ ಒಪ್ಪುವುದು ಗಂಟಲಲ್ಲಿ ಸಿಕ್ಕಿಕೊಂಡಿತು. ಹುಟ್ಟಿದ ನೂರನೇ ವರ್ಷ, 1996ರಲ್ಲಿ, ಶಿಲ್ಪಿ ತಮಾಶ್ ವರ್ಗಾ ಮಾಡಿದ ಪ್ರತಿಮೆ ಹುತಾತ್ಮರ ಚೌಕದಲ್ಲಿ ನಿಂತಿತು: ಪುಟ್ಟ ಸೇತುವೆಯ ಮೇಲೆ ಟೋಪಿ, ಕೋಟು ತೊಟ್ಟು ಸಂಸತ್ತಿನ ಕಡೆ ನೋಡುತ್ತಿರುವ ನಾಜ್. ಎತ್ತರದ ಪೀಠವಿಲ್ಲ, ಪಕ್ಕದಲ್ಲಿ ಯಾರು ಬೇಕಾದರೂ ನಿಲ್ಲಬಹುದಿತ್ತು. ಒಂದು ದಡದಿಂದ ಇನ್ನೊಂದಕ್ಕೆ ದಾಟುತ್ತ ನಡುವೆ ನಿಂತ ಮನುಷ್ಯ ಎಂಬ ಕಲ್ಪನೆ ಅವರ ಬದುಕಿಗೆ ನಾನು ಕಂಡ ಅತ್ಯಂತ ನ್ಯಾಯವಾದ ವ್ಯಾಖ್ಯಾನ.

2018ರ ಡಿಸೆಂಬರ್ 28ರ ನಸುಕಿನಲ್ಲಿ ಒರ್ಬಾನ್ ಸರ್ಕಾರದ ಕಾಲದಲ್ಲಿ ಆ ಪ್ರತಿಮೆಯನ್ನು ಕ್ರೇನಿನಿಂದ ಎತ್ತಿದರು. ಆ ಜಾಗಕ್ಕೆ 1919ರ ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಸತ್ತವರ ನೆನಪಿಗಾಗಿ 1934ರಲ್ಲಿ ಎದ್ದು 1945ರಲ್ಲಿ ಉರುಳಿದ್ದ ಸ್ಮಾರಕವನ್ನು ಮರಳಿ ಕಟ್ಟಿದರು. ನಾಜ್ ಪ್ರತಿಮೆ 2019ರಲ್ಲಿ ಮಾರ್ಗರೆಟ್ ಸೇತುವೆಯ ಬಳಿಯ ಯಾಸೈ ಮರಿ ಚೌಕಕ್ಕೆ ಹೋಯಿತು, ಹಿಂದೆ ಗೃಹ ಇಲಾಖೆ, ಆಮೇಲೆ ಪಕ್ಷದ ಕೇಂದ್ರ ಕಚೇರಿ ಇದ್ದ ಕಟ್ಟಡದ ಹತ್ತಿರಕ್ಕೆ. ತೀರ್ಪು ರದ್ದಾದದ್ದನ್ನು ಯಾರೂ ಮತ್ತೆ ರದ್ದು ಮಾಡಿಲ್ಲ. ಕಂಚನ್ನು ಮಾತ್ರ ಒಂದು ರಾತ್ರಿಯಲ್ಲಿ ಎತ್ತಬಹುದು. ಮಾನ ಮರಳಿಸುವ ಕೆಲಸಕ್ಕೆ ಕೈಹಾಕುವವರು ಹಣ, ಹೊತ್ತು ಎರಡನ್ನೂ ಪ್ರತಿಮೆಗಿಂತ ಮೊದಲು ನ್ಯಾಯಾಲಯಕ್ಕೂ ದಾಖಲೆಗೂ ಸುರಿಯಬೇಕೆಂದು ನಾನು ಹೇಳುವುದು ಇದಕ್ಕೇ.

ದಾಖಲೆ ಎಂದಾಗ ಒಂದನ್ನು ಹೇಳಲೇಬೇಕು. ಗುಟ್ಟಿನ ವಿಚಾರಣೆಯನ್ನು ಆಗಿನ ಸರ್ಕಾರವೇ ಧ್ವನಿಮುದ್ರಿಸಿಟ್ಟಿತ್ತು, ಸುಮಾರು 52 ಗಂಟೆ. 2008ರ ಜೂನ್‌ನಲ್ಲಿ, 50 ವರ್ಷ ತುಂಬಿದಾಗ, ಬುಡಾಪೆಸ್ಟಿನ ಓಪನ್ ಸೊಸೈಟಿ ದಾಖಲಾಲಯದಲ್ಲಿ ಆ ಧ್ವನಿಯನ್ನು, ವಿಚಾರಣೆ ನಡೆದ ಅದೇ ದಿನಗಳಲ್ಲಿ, ಮೊದಲಿನಿಂದ ಕೊನೆಯವರೆಗೆ ಕೇಳಿಸಿದರು. ಅದರಲ್ಲಿ ಹುತಾತ್ಮನೂ ಇಲ್ಲ, ವೊಲೊದ್ಯಾನೂ ಇಲ್ಲ. ಬಳಲಿದ ದನಿಯ ಒಬ್ಬ ಹಿರಿಯರು, ಕೇಳಿದ ಒಂದೊಂದು ಪ್ರಶ್ನೆಗೂ, ತಾವು ಕಾನೂನುಬದ್ಧ ಪ್ರಧಾನಿಯಾಗಿ ಮಾಡಿದ್ದೇನು, ಏಕೆ ಮಾಡಿದೆ ಎಂದು ಉತ್ತರ ಹೇಳುತ್ತಿದ್ದಾರೆ.